ಆಲ್ಬಂನೊಳಗೊಂದು ಆಟ: ಸಂಗೀತ ಗೇಮ್‌ಗಳ ನಾಲ್ಕು ದಶಕ

ಸ್ವೀಡನ್ನಿನ ಮಾಲ್ಮೋ ನಗರದ ಸಿಮೋಗೊ ಎಂಬ ಪುಟ್ಟ ಸಂಸ್ಥೆ 2019ರಲ್ಲಿ ‘ಸಯೋನಾರಾ ವೈಲ್ಡ್ ಹಾರ್ಟ್ಸ್’ ಬಿಡುಗಡೆ ಮಾಡಿದಾಗ ಅದನ್ನು ‘ಪಾಪ್ ಆಲ್ಬಂ ವಿಡಿಯೋ ಗೇಮ್’ ಎಂದು ಕರೆಯಿತು. ಹಾಡನ್ನೇ ನೆಲವಾಗಿಸಿಕೊಂಡು ಅದರ ಮೇಲೆ ಆಟ ಕಟ್ಟುವ ಈ ಪ್ರಕಾರಕ್ಕೆ ಆಗಲೇ ಮೂರೂವರೆ ದಶಕಗಳ ಇತಿಹಾಸವಿತ್ತು. ಆಟಗಾರರನ್ನು ಪರೀಕ್ಷಿಸುವುದು ಬಿಟ್ಟು ಕೇಳುಗರಾಗಿ ಕಾಣಲು ಕಲಿತದ್ದೇ ಈ ಪ್ರಕಾರದ ನಿಜವಾದ ಬೆಳವಣಿಗೆ.

ಆರಂಭದಲ್ಲಿ ಆಲ್ಬಂ ಬರೀ ಜಾಹೀರಾತಿನ ಸರಕು. ಅಮೆರಿಕದ ಜರ್ನಿ ವಾದ್ಯವೃಂದದ ‘ಎಸ್ಕೇಪ್’ ಆಲ್ಬಂ ಹೆಸರಿನಲ್ಲಿ 1982ರಲ್ಲಿ ಅಟಾರಿ 2600ಕ್ಕೆ ಒಂದು ಗೇಮ್ ಬಂತು. ಅಭಿಮಾನಿಗಳನ್ನೂ ಫೋಟೋಗ್ರಾಫರ್‌ಗಳನ್ನೂ ತಪ್ಪಿಸಿಕೊಂಡು ಕಲಾವಿದರನ್ನು ವಾಹನ ಮುಟ್ಟಿಸುವುದಷ್ಟೇ ಅದರ ಆಟ.

ಎರಡೇ ವರ್ಷಗಳಲ್ಲಿ ಬ್ರಿಟನ್ನಿನ ಮೆಲ್ ಕ್ರೌಚರ್ ಇದಕ್ಕಿಂತ ಬಹಳ ಮುಂದೆ ಹೋದರು. ಅವರ ‘ಡಿಯಸ್ ಎಕ್ಸ್ ಮಕಿನಾ’ (1984) ಝಡ್‌ಎಕ್ಸ್ ಸ್ಪೆಕ್ಟ್ರಮ್ ಕಂಪ್ಯೂಟರಿಗಾಗಿ ತಯಾರಾಯಿತು. ಬೀಪ್ ಸದ್ದು ಬಿಟ್ಟರೆ ಹೆಚ್ಚೇನೂ ಹೊರಡಿಸಲಾಗದ ಯಂತ್ರವದು. ಹಾಗಾಗಿ ಹಾಡು, ಮಾತುಗಳನ್ನು ಬೇರೆ ಕ್ಯಾಸೆಟ್‌ನಲ್ಲಿ ಕೊಟ್ಟರು. ಪರದೆಯ ಸೂಚನೆಗೆ ಸರಿಯಾಗಿ ಟೇಪ್‌ರೆಕಾರ್ಡರ್ ಶುರುಮಾಡಿದರೆ ಹುಟ್ಟಿನಿಂದ ಸಾವಿನವರೆಗಿನ ಒಂದು ಬದುಕು ಸಂಗೀತದ ಜೊತೆಜೊತೆಗೇ ಸಾಗುತ್ತಿತ್ತು. ವಿಮರ್ಶಕರು ಮೆಚ್ಚಿದರು, ವ್ಯಾಪಾರ ಕೈಗೂಡಲಿಲ್ಲ.

ಮುಂದಿನ ಅಧ್ಯಾಯ ಜಪಾನಿನದು. ಸಂಗೀತಗಾರ ಮಸಾಯಾ ಮತ್ಸುರಾ 1996ರಲ್ಲಿ ರೂಪಿಸಿದ ‘ಪರಾಪ್ಪಾ ದ ರ್‍ಯಾಪರ್’ ತಾಳಕ್ಕೆ ಸರಿಯಾಗಿ ಗುಂಡಿ ಒತ್ತಿಸಿ ಅಂಕ ಕೊಡುವ ಮಾದರಿಯನ್ನು ಜನಪ್ರಿಯಗೊಳಿಸಿತು. ಅವರದೇ ‘ವಿಬ್ ರಿಬ್ಬನ್’ (1999) ಆಟಗಾರರು ತಮ್ಮ ಸಿಡಿ ಹಾಕಿದರೆ ಆ ಹಾಡಿನಿಂದಲೇ ಹಾದಿ ಕಟ್ಟಿಕೊಡುತ್ತಿತ್ತು. ತೆತ್ಸುಯಾ ಮಿಝುಗುಚಿ ಅವರ ‘ರೆಝ್’ (2001) ಆಟದಲ್ಲಿ ಗುಂಡಿನ ಸದ್ದೂ ತಾಳಕ್ಕೆ ಹೊಂದಿಕೊಂಡೇ ಕೇಳುತ್ತದೆ. ಆಡುವವರು ತಮಗರಿವಿಲ್ಲದೆ ವಾದ್ಯ ನುಡಿಸುತ್ತಿರುತ್ತಾರೆ. ತೋಷಿಯೋ ಇವಾಯಿ ಅವರ ‘ಎಲೆಕ್ಟ್ರೋಪ್ಲಾಂಕ್ಟನ್’ (2005) ಅಂಕ, ಗೆಲುವು, ಗುರಿ ಮೂರನ್ನೂ ಕೈಬಿಟ್ಟಿತು. ವಿಶ್ರಾಂತಿಯ ಗೇಮ್‌ಗಳಿಗೆ ಬಾಗಿಲು ತೆರೆದದ್ದು ಇಲ್ಲಿ ಎಂಬುದು ನನ್ನ ಎಣಿಕೆ.

ಆ ಬಾಗಿಲಿನಿಂದ ಒಳಬಂದವರು ಇಂಡೀ, ಅಂದರೆ ಸ್ವತಂತ್ರ ತಯಾರಕರು. ಕೆನಡಾದ ಜೊನಾಥನ್ ಮ್ಯಾಕ್ ‘ಎವ್ರಿಡೇ ಶೂಟರ್’ (2007) ಗೇಮನ್ನು ಆಲ್ಬಂನಂತೆಯೇ ಜೋಡಿಸಿದರು. ಒಂದೊಂದು ಹಂತವೂ ಒಂದೊಂದು ಗಿಟಾರ್ ಹಾಡು. ಎಡ್ ಕೀ ಮತ್ತು ಡೇವಿಡ್ ಕನಾಗಾ ಅವರ ‘ಪ್ರೋಟಿಯಸ್’ (2013) ನಮ್ಮನ್ನು ಒಂದು ದ್ವೀಪದಲ್ಲಿ ಬಿಟ್ಟುಬಿಡುತ್ತದೆ. ಗುಡ್ಡ ಹತ್ತಿದರೆ ಸಂಗೀತ ಬದಲಾಗುತ್ತದೆ, ಪ್ರಾಣಿಗಳ ಸಮೀಪ ಹೋದರೆ ಹೊಸ ಸ್ವರಗಳು ಸೇರಿಕೊಳ್ಳುತ್ತವೆ, ವಸಂತದಿಂದ ಚಳಿಗಾಲದವರೆಗೆ ಋತುಗಳು ಸರಿಯುತ್ತವೆ. ಇದು ಗೇಮೇ ಅಲ್ಲ ಎಂಬ ವಾದವೂ ಎದ್ದಿತು. ಮನಸ್ಸಿಗೆ ಇಷ್ಟು ನೆಮ್ಮದಿ ಕೊಡುವ ಗೇಮ್ ನಾನಂತೂ ಬೇರೆ ಕಂಡಿಲ್ಲ.

ತಾಳಕ್ಕೆ ಗುಂಡಿ ಒತ್ತುವ ಆಟ, ಆಲ್ಬಂನಂತೆ ಕೇಳಿಸಿಕೊಳ್ಳುವ ಆಟ ಎಂಬ ಈ ಎರಡು ಧಾರೆಗಳು ‘ಸಯೋನಾರಾ’ದಲ್ಲಿ ಕೂಡಿಕೊಂಡವು. ಪ್ರೀತಿ ಮುರಿದುಬಿದ್ದು ನೊಂದ ಯುವತಿಯೊಬ್ಬಳು ಕನಸಿನ ನಗರದಲ್ಲಿ ಬೈಕ್ ಓಡಿಸುತ್ತಾಳೆ. ಡೇನಿಯಲ್ ಓಲ್ಸೆನ್ ಮತ್ತು ಜೊನಾಥನ್ ಎಂಗ್ ಸಂಗೀತಕ್ಕೆ ಲಿನಿಯಾ ಓಲ್ಸನ್ ದನಿ. ರಸ್ತೆಯ ತಿರುವು, ಜಿಗಿತ, ಕತ್ತಿಯ ಬೀಸು ಎಲ್ಲವೂ ಹಾಡಿನ ಲಯಕ್ಕೇ ಬೆಸೆದಿವೆ. ಒಂದೇ ಜಾಗದಲ್ಲಿ ಮತ್ತೆ ಮತ್ತೆ ಸೋತರೆ ಆ ಭಾಗ ದಾಟಿ ಮುಂದೆ ಹೋಗುವಿರಾ ಎಂದು ಗೇಮೇ ಕೇಳುತ್ತದೆ. ಮುಗಿಸಿದ ಮೇಲೆ ಎಲ್ಲ ಹಾಡುಗಳನ್ನೂ ಒಂದೇ ಓಟದಲ್ಲಿ ಆಡಬಹುದು. ಕಂಚು, ಬೆಳ್ಳಿ, ಚಿನ್ನದ ಪದಕ ಹಂಚುವ ಹಳೆಯ ಚಾಳಿ ಮಾತ್ರ ಇದರಲ್ಲೂ ಉಳಿದಿದೆ. ಅದು ಬೇಕಿರಲಿಲ್ಲ.

ರೇಡಿಯೋಹೆಡ್ ಎಂಬ ರಾಕ್ ತಂಡದ ‘ಕಿಡ್ ಎ ನೀಸಿಯಾ ಎಕ್ಸಿಬಿಷನ್’ (2021) ಪದಕಗಳನ್ನೂ ಬಿಟ್ಟಿತು. ತಂಡದ 2000 ಮತ್ತು 2001ರ ಎರಡು ಆಲ್ಬಂಗಳನ್ನು ಬಿಡಿಬಿಡಿಯಾಗಿಸಿ ಒಂದು ವಿಚಿತ್ರ ಕಟ್ಟಡದ ಕೋಣೆಗಳಲ್ಲಿ ಹರಡಿದ ಡಿಜಿಟಲ್ ಪ್ರದರ್ಶನವದು. ಲಂಡನ್ನಿನಲ್ಲಿ ನಿಜವಾದ ಪ್ರದರ್ಶನ ಕಟ್ಟುವ ಯೋಜನೆ ನೆರವೇರದೆ ಈ ರೂಪ ತಾಳಿತು. ಅಲ್ಲಿ ಶತ್ರುಗಳಿಲ್ಲ, ಸಾವಿಲ್ಲ. ನಡೆದಂತೆ ಹಾಡಿನ ಒಂದೊಂದು ಪದರ ಹತ್ತಿರವಾಗುತ್ತದೆ, ದೂರವಾಗುತ್ತದೆ.

ಇಡೀ ಆಲ್ಬಂ ಕೂತು ಕೇಳುವ ಅಭ್ಯಾಸ ಕಡಿಮೆಯಾಗುತ್ತಿರುವ ಕಾಲದಲ್ಲಿ ಈ ಗೇಮ್‌ಗಳು ಅದನ್ನು ಉಳಿಸುತ್ತಿವೆ. ಆಡಿ ಗೊತ್ತಿಲ್ಲದವರೂ ‘ಪ್ರೋಟಿಯಸ್’ನಿಂದ ಶುರುಮಾಡಬಹುದು. ಹೆಡ್‌ಫೋನ್ ಹಾಕಿಕೊಳ್ಳಿ, ನಡುವೆ ನಿಲ್ಲಿಸಬೇಡಿ.