ಕಸೂತಿ: ಕಲಾವಿದನ ತಾಯಿ

ಕಸೂತಿ: ಕಲಾವಿದನ ತಾಯಿ ಫ್ರಾನ್ಸಿನ ಚಿತ್ರಕಾರ ಜಾರ್ಜ್ ಸ್ಯೂರಾ (1859–1891) 1882–83ರಲ್ಲಿ ರಚಿಸಿದ ಕಪ್ಪು-ಬಿಳುಪು ಚಿತ್ರ. ಹೊಲಿಗೆಯಲ್ಲಿ ಮಗ್ನಳಾದ ಮಹಿಳೆಯೊಬ್ಬಳನ್ನು ಇದು ಚಿತ್ರಿಸುತ್ತದೆ. ರೂಪದರ್ಶಿ ಕಲಾವಿದನ ತಾಯಿ ಅರ್ನೆಸ್ಟೀನ್ ಫೇವರ್. ನೋಟಕ್ಕೆ ಇದ್ದಿಲಿನ ಚಿತ್ರದಂತಿದ್ದರೂ ಇದನ್ನು ಕಾಂಟೆ ಕ್ರೇಯಾನಿನಿಂದ ರಚಿಸಲಾಗಿದೆ. ಸುಮಾರು 31 ಸೆಂ.ಮೀ. ಎತ್ತರ, 24 ಸೆಂ.ಮೀ. ಅಗಲವಿರುವ ಈ ಕೃತಿ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಕಲಾ ವಸ್ತುಸಂಗ್ರಹಾಲಯದಲ್ಲಿದೆ.

ಹಿನ್ನೆಲೆ

ಪ್ಯಾರಿಸ್‌ನಲ್ಲಿ ಜನಿಸಿದ ಸ್ಯೂರಾ ಅಲ್ಲಿನ ಲಲಿತಕಲಾ ಶಾಲೆಯಲ್ಲಿ ಕಲಿತು, 1879–80ರಲ್ಲಿ ಬ್ರೆಸ್ಟ್ ನಗರದಲ್ಲಿ ಸೈನಿಕ ಸೇವೆ ಸಲ್ಲಿಸಿದನು. ಅಲ್ಲಿಂದ ಮರಳಿದ ಮೇಲೆ ಕೆಲವು ವರ್ಷ ಮುಖ್ಯವಾಗಿ ಕಪ್ಪು-ಬಿಳುಪು ಚಿತ್ರಗಳ ಅಭ್ಯಾಸದಲ್ಲಿ ತೊಡಗಿದನು. ಇದೇ ಅವಧಿಯಲ್ಲಿ ರಚಿಸಿದ, ಗೆಳೆಯ ಅಮಾನ್-ಜಾನ್‌ನ ಭಾವಚಿತ್ರವು 1883ರ ಪ್ಯಾರಿಸ್ ಸಲೋನ್ ಪ್ರದರ್ಶನದಲ್ಲಿ ಸ್ಥಾನ ಪಡೆಯಿತು. ಹೊಲಿಯುವ ಸ್ತ್ರೀ ಅಂದಿನ ಫ್ರೆಂಚ್ ಕಲೆಗೆ ಪರಿಚಿತವಾದ ವಸ್ತು. ಸ್ಯೂರಾನಿಗಿಂತ ಹಿರಿಯನಾದ ಝಾನ್-ಫ್ರಾನ್ಸ್ವಾ ಮಿಲೆ ದೀಪದ ಬೆಳಕಿನಲ್ಲಿ ಹೊಲಿಯುವ ಹಳ್ಳಿಯ ಹೆಂಗಸನ್ನು ಚಿತ್ರಿಸಿದ್ದನು.

ರಚನಾ ವಿಧಾನ

ಇಂಗ್ಲೆಂಡಿನೊಡನೆ ನಡೆದ ಯುದ್ಧದಿಂದ ಫ್ರಾನ್ಸಿಗೆ ಉತ್ತಮ ಗ್ರಾಫೈಟ್ ದೊರೆಯದಾದಾಗ, ನಿಕೋಲಾ-ಜಾಕ್ ಕಾಂಟೆ ಗ್ರಾಫೈಟ್ ಪುಡಿಗೆ ಜೇಡಿಮಣ್ಣು ಬೆರೆಸಿ ಕಡ್ಡಿ ತಯಾರಿಸುವ ವಿಧಾನವನ್ನು 1795ರಲ್ಲಿ ರೂಪಿಸಿದನು. ಕಾಂಟೆ ಕ್ರೇಯಾನಿಗೆ ಅವನ ಹೆಸರೇ ಉಳಿದಿದೆ. ಇದು ಇದ್ದಿಲಿಗಿಂತ ಗಟ್ಟಿಯಾಗಿದ್ದು, ಅದರಷ್ಟು ಸುಲಭವಾಗಿ ಉದುರುವುದಿಲ್ಲ.

ಸ್ಯೂರಾ ಬಳಸಿದ ಮಿಶಾಲೆ ಕಾಗದದ ಮೇಲ್ಮೈ ಒರಟಾಗಿದೆ. ಕ್ರೇಯಾನನ್ನು ಹಗುರವಾಗಿ ಉಜ್ಜಿದರೆ ಉಬ್ಬಿದ ಭಾಗಗಳಿಗೆ ಮಾತ್ರ ಕಪ್ಪು ತಗಲಿ, ತಗ್ಗುಗಳಲ್ಲಿ ಕಾಗದದ ಬಿಳುಪು ಹಾಗೆಯೇ ಉಳಿಯುತ್ತದೆ. ಒತ್ತಿ ಉಜ್ಜಿದರೆ ತಗ್ಗುಗಳೂ ತುಂಬಿ ಗಾಢ ಕಪ್ಪು ಬರುತ್ತದೆ. ಹೀಗೆ ಚಿತ್ರದ ಬೆಳಕೆಲ್ಲವೂ ಮುಟ್ಟದೆ ಬಿಟ್ಟ ಕಾಗದದ್ದೇ, ಬಿಳಿ ಬಣ್ಣದ್ದಲ್ಲ.

ವೈಶಿಷ್ಟ್ಯ

ಇಂಥ ಕೃತಿಗಳನ್ನು ರೇಖಾಚಿತ್ರಗಳೆಂದು ಕರೆಯುವುದು ರೂಢಿ. ಆದರೆ ಇಲ್ಲಿ ಆಕೃತಿಯನ್ನು ಸುತ್ತುವರಿಯುವ ಸ್ಪಷ್ಟ ರೇಖೆಗಳಿಲ್ಲ. ತಗ್ಗಿಸಿದ ತಲೆ, ಮುಖ ಮತ್ತು ಕೈಗಳು ನೆರಳಿನ ಏರಿಳಿತದಿಂದಷ್ಟೇ ಮೂಡುತ್ತವೆ. ಮುಖಲಕ್ಷಣಗಳಿಗಿಂತ ತಾಯಿಯ ತನ್ಮಯತೆಯೇ ಇಲ್ಲಿ ಪ್ರಧಾನವಾಗಿದೆ.

ರೇಖೆಯನ್ನು ಬಿಟ್ಟು ಕಣಗಳಿಂದ ರೂಪ ಕಟ್ಟುವ ಈ ಅಭ್ಯಾಸವು, ಮುಂದೆ ಸ್ಯೂರಾ ಬಣ್ಣದ ಚುಕ್ಕೆಗಳಿಂದ ರಚಿಸಿದ 'ಗ್ರಾಂದ್ ಜಾತ್ ದ್ವೀಪದಲ್ಲಿ ಒಂದು ಭಾನುವಾರ' (1884–86) ವರ್ಣಚಿತ್ರವನ್ನು ಅರಿಯಲು ನೆರವಾಗುತ್ತದೆ.

ಸಂಗ್ರಹ

ಈ ಚಿತ್ರವು ನ್ಯೂಯಾರ್ಕಿನ ಆಧುನಿಕ ಕಲಾ ವಸ್ತುಸಂಗ್ರಹಾಲಯದ ಸ್ಥಾಪಕರಲ್ಲೊಬ್ಬರಾದ ಲಿಲ್ಲಿ ಬ್ಲಿಸ್ ಅವರ ಸಂಗ್ರಹದಲ್ಲಿತ್ತು. ಅವರ ನಂತರ ಅದೇ ಸಂಸ್ಥೆಗೆ ಸೇರಿ, ಅಲ್ಲಿಂದ ಮೆಟ್ರೊಪಾಲಿಟನ್ ವಸ್ತುಸಂಗ್ರಹಾಲಯಕ್ಕೆ ಬಂದಿತು.