ಕ್ಯಾಲಿಕೊ ವಸ್ತ್ರ ಸಂಗ್ರಹಾಲಯ, ಅಹಮದಾಬಾದ್: ಹಿನ್ನೆಲೆ ಮತ್ತು ಧ್ಯೇಯೋದ್ದೇಶ

ಗುಜರಾತ್ ರಾಜ್ಯದ ಅಹಮದಾಬಾದ್ ನಗರದ ಶಾಹಿಬಾಗ್ ಪ್ರದೇಶದಲ್ಲಿರುವ ಕ್ಯಾಲಿಕೊ ವಸ್ತ್ರ ಸಂಗ್ರಹಾಲಯವು ಭಾರತೀಯ ವಸ್ತ್ರ ವಿನ್ಯಾಸಕ್ಕೆ ಮೀಸಲಾದ, ಲಾಭದ ಉದ್ದೇಶವಿಲ್ಲದ ಸಂಸ್ಥೆಯಾಗಿರುತ್ತದೆ. ಸಾರಾಭಾಯಿ ಪ್ರತಿಷ್ಠಾನವೆಂಬ ಸಾರ್ವಜನಿಕ ದತ್ತಿ ಸಂಸ್ಥೆಯು ಇದನ್ನು ನಿರ್ವಹಿಸುತ್ತಿದೆ. ನೇಕಾರರು, ವಿನ್ಯಾಸ ವಿದ್ಯಾರ್ಥಿಗಳು ಹಾಗೂ ಆಸಕ್ತ ಸಾರ್ವಜನಿಕರ ಮಾಹಿತಿಗಾಗಿ ಸದರಿ ಸಂಸ್ಥೆಯ ವಿವರಗಳನ್ನು ಇಲ್ಲಿ ನೀಡಲಾಗಿದೆ.

ಹಿನ್ನೆಲೆ

ಅಹಮದಾಬಾದ್ ನಗರವು ಹತ್ತಿ ಗಿರಣಿಗಳಿಗೆ ಹೆಸರಾಗಿದ್ದ ಕಾಲದಲ್ಲಿ ಅಲ್ಲಿನ ಪ್ರಮುಖ ಗಿರಣಿಗಳಲ್ಲಿ ಸಾರಾಭಾಯಿ ಕುಟುಂಬದ ಕ್ಯಾಲಿಕೊ ಮಿಲ್ ಒಂದಾಗಿದ್ದಿತು. ಈ ನಗರದಲ್ಲಿ ವಸ್ತ್ರಗಳಿಗಾಗಿಯೇ ಒಂದು ಸಂಸ್ಥೆ ಇರಬೇಕೆಂಬ ಸಲಹೆಯನ್ನು ಕಲಾ ಇತಿಹಾಸಕಾರರಾದ ಆನಂದ ಕುಮಾರಸ್ವಾಮಿಯವರು ಗೌತಮ್ ಸಾರಾಭಾಯಿಯವರಿಗೆ ನೀಡಿದ್ದರು. 1947ರಲ್ಲಿ ಕುಮಾರಸ್ವಾಮಿಯವರು ನಿಧನರಾದರು. ಎರಡು ವರ್ಷಗಳ ತರುವಾಯ, 1949ರಲ್ಲಿ, ಗೌತಮ್ ಸಾರಾಭಾಯಿ ಮತ್ತು ಅವರ ಸಹೋದರಿ ಗೀರಾ ಸಾರಾಭಾಯಿಯವರು ಈ ಸಂಗ್ರಹಾಲಯವನ್ನು ಸ್ಥಾಪಿಸಿದರು. ಅಂದಿನ ಪ್ರಧಾನಮಂತ್ರಿ ಜವಾಹರಲಾಲ್ ನೆಹರೂ ಅವರು ಉದ್ಘಾಟನೆಯನ್ನು ನೆರವೇರಿಸಿದರು.

ಯಂತ್ರದ ಬಟ್ಟೆಯ ಪೈಪೋಟಿಯಿಂದಲೇ ಕೈಮಗ್ಗವು ಸೊರಗಿದ್ದ ಆ ಕಾಲದಲ್ಲಿ, ಕೈನೇಯ್ಗೆಯ ಶ್ರೇಷ್ಠ ಮಾದರಿಗಳನ್ನು ಕಾಪಿಡುವ ಕೆಲಸವನ್ನು ಗಿರಣಿಯ ಮಾಲೀಕರೇ ಕೈಗೆತ್ತಿಕೊಂಡರೆಂಬುದು ಗಮನಾರ್ಹವಾದ ಸಂಗತಿ. ಪ್ರಾರಂಭದಲ್ಲಿ ಸಂಗ್ರಹಾಲಯವು ಮಿಲ್ಲಿನ ಆವರಣದಲ್ಲಿಯೇ ಇದ್ದಿತು. 1983ರಲ್ಲಿ ಇದನ್ನು ಶಾಹಿಬಾಗಿನಲ್ಲಿರುವ ಸಾರಾಭಾಯಿ ಕುಟುಂಬದ ನಿವಾಸವಾದ ‘ರಿಟ್ರೀಟ್’ಗೆ ಸ್ಥಳಾಂತರಿಸಲಾಯಿತು. ಮುಂದೆ ಕ್ಯಾಲಿಕೊ ಮಿಲ್ ಮುಚ್ಚಿಹೋಯಿತು. ಲೆಕ್ಕಪುಸ್ತಕದಲ್ಲಿ ಆದಾಯದ ಬಾಬ್ತು ಎನಿಸಿದ್ದ ಗಿರಣಿಯು ಉಳಿಯದೆ, ಕೇವಲ ವೆಚ್ಚದ ಬಾಬ್ತು ಎನಿಸಬಹುದಾಗಿದ್ದ ಸಂಗ್ರಹಾಲಯವು ಅದರ ಹೆಸರನ್ನು ಇಂದಿಗೂ ಉಳಿಸಿಕೊಂಡಿದೆ.

ಗೌತಮ್ ಮತ್ತು ಗೀರಾ ಅವರು 1961ರಲ್ಲಿ ಅಹಮದಾಬಾದಿನಲ್ಲಿ ಆರಂಭವಾದ ರಾಷ್ಟ್ರೀಯ ವಿನ್ಯಾಸ ಸಂಸ್ಥೆಯ ರೂಪುಗೊಳ್ಳುವಿಕೆಯಲ್ಲಿಯೂ ಪ್ರಮುಖ ಪಾತ್ರ ವಹಿಸಿದ್ದರು. ಗೀರಾ ಸಾರಾಭಾಯಿಯವರು 2021ರಲ್ಲಿ ನಿಧನರಾದರು.

ಧ್ಯೇಯೋದ್ದೇಶ

ಹಳೆಯ ಬಟ್ಟೆಗಳನ್ನು ಸಂಗ್ರಹಿಸಿ ಪ್ರದರ್ಶಿಸುವುದಷ್ಟೇ ಈ ಸಂಸ್ಥೆಯ ಉದ್ದೇಶವಲ್ಲ. ಬಟ್ಟೆಯನ್ನು ಹೇಗೆ ನೇಯಲಾಯಿತು, ಹೇಗೆ ಬಣ್ಣ ಹಾಕಲಾಯಿತು ಎಂಬುದನ್ನು ದಾಖಲಿಸುವುದು ಇದರ ಮುಖ್ಯ ಕಾರ್ಯವಾಗಿದೆ. 1955ರಿಂದ ಭಾರತೀಯ ವಸ್ತ್ರ ಇತಿಹಾಸಕ್ಕೆ ಸಂಬಂಧಿಸಿದ ನಿಯತಕಾಲಿಕವೊಂದನ್ನು ಸಂಸ್ಥೆಯು ಪ್ರಕಟಿಸಿತು. ತರುವಾಯ ಐತಿಹಾಸಿಕ ವಸ್ತ್ರಗಳ ಗ್ರಂಥಮಾಲೆಯು ಲಂಡನ್ನಿನ ವಸ್ತುಸಂಗ್ರಹಾಲಯ ತಜ್ಞ ಜಾನ್ ಇರ್ವಿನ್ ಅವರ ಸಂಪಾದಕತ್ವದಲ್ಲಿಯೂ, ಬಳಕೆಯಲ್ಲಿರುವ ಕುಶಲಕಲೆಗಳ ಸಮೀಕ್ಷೆಯು ಸ್ವಿಟ್ಜರ್ಲೆಂಡಿನ ವಿದ್ವಾಂಸ ಆಲ್ಫ್ರೆಡ್ ಬ್ಯೂಲರ್ ಅವರ ಮೇಲ್ವಿಚಾರಣೆಯಲ್ಲಿಯೂ ಹೊರಬಂದವು.

ಇಂತಹ ದಾಖಲೆಯ ಅಗತ್ಯವನ್ನು ಪಾಟಣದ ಪಟೋಲ ಸೀರೆಯು ಚೆನ್ನಾಗಿ ಮನಗಾಣಿಸುತ್ತದೆ. ಇದರಲ್ಲಿ ರೇಷ್ಮೆಯ ಹಾಸು ಮತ್ತು ಹೊಕ್ಕು ಎರಡರ ಎಳೆಗಳನ್ನೂ ಮಗ್ಗಕ್ಕೆ ಏರಿಸುವ ಮುನ್ನವೇ, ಚಿತ್ತಾರಕ್ಕೆ ತಕ್ಕಂತೆ ಅಲ್ಲಲ್ಲಿ ದಾರದಿಂದ ಬಿಗಿಯಾಗಿ ಕಟ್ಟಿ, ಬಣ್ಣದಲ್ಲಿ ಅದ್ದಲಾಗುತ್ತದೆ. ಕಟ್ಟಿದ ಭಾಗಕ್ಕೆ ಬಣ್ಣ ತಾಗುವುದಿಲ್ಲ. ಪ್ರತಿ ಬಣ್ಣಕ್ಕೂ ಮತ್ತೆ ಕಟ್ಟಿ, ಮತ್ತೆ ಬಿಚ್ಚಬೇಕು. ನೇಯುವಾಗ ಹಾಸಿನ ಬಣ್ಣದ ಮೇಲೆ ಹೊಕ್ಕಿನ ಅದೇ ಬಣ್ಣವು ಕೂರುವಂತೆ ಎಳೆಗಳನ್ನು ಸೂಜಿಯಿಂದ ಸರಿಪಡಿಸುತ್ತಾ ಸಾಗಬೇಕಾಗುತ್ತದೆ. ಒಂದು ಸೀರೆಗೆ ಹಲವು ತಿಂಗಳುಗಳು ಹಿಡಿಯುತ್ತವೆ. ಒಂದು ಕಾಲಕ್ಕೆ ಆಗ್ನೇಯ ಏಷ್ಯಾಕ್ಕೆ ರಫ್ತಾಗುತ್ತಿದ್ದ ಈ ವಸ್ತ್ರವನ್ನು ಈಗ ಪಾಟಣದಲ್ಲಿ ಸಾಳ್ವಿ ಮನೆತನದ ಕೆಲವೇ ಕುಟುಂಬಗಳು ನೇಯುತ್ತಿವೆ. ಕೈ ಬದಲಾಗದೆ ವಿದ್ಯೆಯು ನಿಂತುಹೋದಲ್ಲಿ ಉಳಿಯುವುದು ಬಟ್ಟೆ ಮತ್ತು ಬರವಣಿಗೆ ಮಾತ್ರ.

ಮೊಗಲರ ಕಾಲದ ಡೇರೆಯ ಬಟ್ಟೆಗಳು, ಕಾಶ್ಮೀರದ ಶಾಲುಗಳು, ಕಚ್ಛ್ ಕಸೂತಿ, ಶ್ರೀಕೃಷ್ಣನ ವಿಗ್ರಹದ ಹಿಂದೆ ತೂಗುಹಾಕುವ ನಾಥದ್ವಾರದ ಪಿಛವಾಯಿಗಳು ಹಾಗೂ ದೇವಿಯ ಆರಾಧನೆಗಾಗಿ ಗುಡಿಯನ್ನೇ ಬಟ್ಟೆಯ ಮೇಲೆ ಮೂಡಿಸಿದ ಗುಜರಾತಿನ ವರ್ಣಚಿತ್ರಗಳು ಸಂಗ್ರಹದಲ್ಲಿವೆ. ಗುಜರಾತಿನ ಹಳೆಯ ಹವೇಲಿಗಳ ಕೆತ್ತನೆಯ ಮರದ ಭಾಗಗಳನ್ನೂ ಕಟ್ಟಡಗಳಲ್ಲಿ ಬಳಸಿಕೊಳ್ಳಲಾಗಿದೆ.

ಬಟ್ಟೆಗೆ ಕಳ್ಳನಿಗಿಂತ ಬೆಳಕೇ ದೊಡ್ಡ ಶತ್ರು. ಬೆಳಕಿನಿಂದ ಮಾಸಿದ ಬಣ್ಣವನ್ನು ಯಾವ ಉಪಚಾರದಿಂದಲೂ ಮರಳಿ ತರಲಾಗದು. ತೇವ, ಧೂಳು ಹಾಗೂ ಕೀಟಗಳಿಂದಲೂ ಹಾನಿಯುಂಟಾಗುತ್ತದೆ. ಆದುದರಿಂದ ಇಲ್ಲಿನ ಕೊಠಡಿಗಳನ್ನು ಮಬ್ಬುಬೆಳಕಿನಲ್ಲಿ ಇರಿಸಲಾಗಿದ್ದು, ಸಂದರ್ಶಕರ ಸಂಖ್ಯೆಯನ್ನು ಮಿತಗೊಳಿಸಲಾಗಿದೆ. ಟಿಕೆಟ್ ಹಣವನ್ನೇ ನೆಚ್ಚಿಕೊಂಡ ಸಂಸ್ಥೆಗೆ ಹೀಗೆ ಜನರನ್ನು ಕಡಿಮೆ ಮಾಡುವುದು ಸಾಧ್ಯವಾಗುತ್ತಿರಲಿಲ್ಲ. ದೂರದಿಂದ ಬಂದವರಿಗೆ ಪ್ರವೇಶ ದೊರೆಯದೆ ನಿರಾಶೆಯಾಗುವುದುಂಟು. ಆದರೂ ಈ ಕ್ರಮವು ಸಮರ್ಥನೀಯವಾಗಿದೆ.

ಹಳೆಯ ಜರಿ ಸೀರೆಗಳನ್ನು ಬೆಳ್ಳಿಗಾಗಿ ಸುಡಲು ಮಾರುವ ರೂಢಿಯು ನಮ್ಮ ರಾಜ್ಯದಲ್ಲಿಯೂ ಇದೆ. ಮನೆಯಲ್ಲಿ ಇಂತಹ ಸೀರೆಗಳಿರುವವರು ತೂಕಕ್ಕೆ ಹಾಕುವ ಮುನ್ನ ಅಂಚು, ಸೆರಗುಗಳ ಛಾಯಾಚಿತ್ರವನ್ನಾದರೂ ತೆಗೆದಿರಿಸಿ, ನೇಯ್ದ ಊರನ್ನು ಬರೆದಿಡುವುದು ಸೂಕ್ತ.

ಸಂದರ್ಶಕರ ಗಮನಕ್ಕೆ

ಸಂಗ್ರಹಾಲಯದ ವೀಕ್ಷಣೆಗೆ ಮುಂಗಡವಾಗಿ ನೋಂದಾಯಿಸಿಕೊಳ್ಳುವುದು ಅವಶ್ಯಕ. ವೀಕ್ಷಣೆಯು ಮಾರ್ಗದರ್ಶಕರೊಂದಿಗೆ ಮಾತ್ರ ನಡೆಯುತ್ತದೆ. ಒಳಗೆ ಛಾಯಾಚಿತ್ರ ತೆಗೆಯುವುದನ್ನು ನಿಷೇಧಿಸಲಾಗಿದೆ. ದಿನ ಮತ್ತು ವೇಳೆಗಳು ಬದಲಾಗುವ ಸಾಧ್ಯತೆ ಇರುವುದರಿಂದ, ಪ್ರಯಾಣದ ಟಿಕೆಟ್ ಕಾಯ್ದಿರಿಸುವ ಮೊದಲೇ ಸಂಸ್ಥೆಯನ್ನು ಸಂಪರ್ಕಿಸಿ ಖಚಿತಪಡಿಸಿಕೊಳ್ಳತಕ್ಕದ್ದು.