ಮುತ್ತಿನ ಹಾರ ಮತ್ತು ನಿಂಬೆಹಣ್ಣು

ಹುಬ್ಬಳ್ಳಿಯಿಂದ ಗದಗಿನ ಕಡೆಗೆ ಹೊರಟರೆ ಕನ್ನಡದ ಇಬ್ಬರು ಭಾರತ ಕವಿಗಳ ಸೀಮೆ ಸಿಗುತ್ತದೆ. ಅಣ್ಣಿಗೇರಿಯನ್ನು ಪಂಪನ ಊರೆಂದೂ ಕೋಳಿವಾಡವನ್ನು ಕುಮಾರವ್ಯಾಸನ ಊರೆಂದೂ ಜನ ನೆನೆಯುತ್ತಾರೆ. ಪಣ ಕಟ್ಟಿ ಆಡುವುದರ ಎರಡು ಮುಖಗಳನ್ನು ತಿಳಿಯಲು ಇವರಿಬ್ಬರೇ ಸಾಕು.

ಕುಮಾರವ್ಯಾಸನ ಸಭಾಪರ್ವದ ಜೂಜು ಎಲ್ಲರಿಗೂ ಗೊತ್ತು. ಅಲ್ಲಿ ಸಭೆ ಕೌರವನದು, ಕರೆ ಕೌರವನದು, ದಾಳ ಎಸೆಯುವವನು ಮಾತ್ರ ಶಕುನಿ. ಧರ್ಮರಾಯ ಭಂಡಾರ, ತಮ್ಮಂದಿರು, ತಾನು, ಕೊನೆಗೆ ದ್ರೌಪದಿ, ಹೀಗೆ ಒಂದೊಂದಾಗಿ ಸೋಲುತ್ತಾನೆ.

ಪಂಪ 941ರಲ್ಲಿ ಮುಗಿಸಿದ ‘ವಿಕ್ರಮಾರ್ಜುನ ವಿಜಯ’ದಲ್ಲಿ ಇನ್ನೊಂದು ಆಟವೂ ಇದೆ. ಪಗಡೆಯನ್ನು ಅವನು ನೆತ್ತ ಎನ್ನುತ್ತಾನೆ. ಕರ್ಣನ ಜೊತೆ ಆಡಿ ಭಾನುಮತಿ ಸೋಲುತ್ತಾಳೆ. ಪಣ ಕೊಡು ಎಂದು ಕರ್ಣ ಪೀಡಿಸುವಾಗ ಹಾರ ಹರಿದು ಮುತ್ತು ಚೆಲ್ಲುತ್ತವೆ. ಅದನ್ನು ಕಂಡ ದುರ್ಯೋಧನ ಸಿಟ್ಟಾಗುವುದಿಲ್ಲ. ಮುತ್ತುಗಳನ್ನು ಆಯ್ದುಕೊಡಲೇ ಎಂದು ಕೇಳುತ್ತಾನೆ. ಮುಂದೆ ಪಾಂಡವರ ಕಡೆಗೆ ಬರುವಂತೆ ಕೃಷ್ಣ ಕರೆದಾಗ ಕರ್ಣ ಒಪ್ಪದಿರಲು ಈ ನಂಬಿಕೆಯ ನೆನಪೂ ಒಂದು ಕಾರಣ. ಸಭಾಪರ್ವದ ಆಟ ಬಳಗವನ್ನು ಒಡೆಯಿತು. ಈ ಆಟ ಗೆಳೆತನವನ್ನು ಪರೀಕ್ಷಿಸಿ ಗಟ್ಟಿ ಮಾಡಿತು.

ಈ ವ್ಯತ್ಯಾಸ ನಮ್ಮ ಹಬ್ಬಗಳಿಗೂ ಗೊತ್ತು. ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ನಾಗರಪಂಚಮಿ ಎಂದರೆ ಉಂಡಿ, ಜೋಕಾಲಿ ಮತ್ತು ಶರತ್ತು. ಇಷ್ಟೇ ಎಸೆತಗಳಲ್ಲಿ ನಿಂಬೆಹಣ್ಣನ್ನು ಆ ಗುಡಿಯವರೆಗೆ ಮುಟ್ಟಿಸುತ್ತೀಯಾ? ಕಣ್ಣು ಕಟ್ಟಿಕೊಂಡು ಆ ಕಲ್ಲಿನ ತನಕ ನಡೆಯುತ್ತೀಯಾ? ಪಣಕ್ಕೆ ತೆಂಗಿನಕಾಯಿ, ಕೊಬ್ಬರಿ, ಸ್ವಲ್ಪ ರೊಕ್ಕ. ಶರತ್ತು ಅರಬ್ಬಿಯಿಂದ ಬಂದ ಮಾತು, ಬಾಜಿ ಪಾರಸಿಯಿಂದ ಬಂದದ್ದು. ಪಣವೇ ಕನ್ನಡದ ಬಾಯಲ್ಲಿ ಹಣವಾಯಿತು.

ಧಾರವಾಡ ಜಿಲ್ಲೆ ಮುಂಬಯಿ ಪ್ರಾಂತ್ಯದಲ್ಲಿದ್ದಾಗ ಇಲ್ಲಿಗೆ 1887ರ ಜೂಜು ತಡೆ ಕಾಯ್ದೆ ಬಂತು. ಅದರ ಮುಖ್ಯ ಗುರಿ ಜೂಜಿನ ಅಡ್ಡೆ, ಅಂದರೆ ಆಡಿಸಿ ಲಾಭ ಪಡೆಯುವವನ ಮನೆ. 1963ರ ಕರ್ನಾಟಕ ಪೊಲೀಸ್ ಕಾಯ್ದೆಯೂ ಈ ವಿಚಾರವನ್ನು ಉಳಿಸಿಕೊಂಡಿತು. ಇತ್ತ 1872ರ ಕರಾರು ಕಾಯ್ದೆಯ 30ನೇ ಕಲಮಿನ ಪ್ರಕಾರ, ಬಾಜಿಯಲ್ಲಿ ಗೆದ್ದ ಹಣಕ್ಕಾಗಿ ಕೋರ್ಟಿಗೆ ಹೋಗುವಂತಿಲ್ಲ. ಹಾಗಾಗಿ ಗೆಳೆಯರ ಶರತ್ತಿಗೆ ಇರುವ ಜಾಮೀನು ಕೊಟ್ಟ ಮಾತೊಂದೇ. ಸೋತವನು ಕಾಯಿ ಕೊಡದಿದ್ದರೆ ಹೋಗುವುದು ಕಾಯಲ್ಲ, ಅವನ ಮಾತಿನ ಬೆಲೆ.

ದೂರದ ಗಾಲ್ಫ್ ಮೈದಾನಕ್ಕೂ ಇದೇ ನ್ಯಾಯ. ಬೆಂಗಳೂರಿನಲ್ಲಿ 1876ರಿಂದಲೂ ಗಾಲ್ಫ್ ಕ್ಲಬ್ ಇದೆ. ಗೆಳೆಯರು ಸಣ್ಣ ಬಾಜಿ ಕಟ್ಟಿ ಆಡುವುದು ಈ ಆಟದ ಹಳೆಯ ರೂಢಿ. ಸ್ಕಾಟ್ಲೆಂಡಿನ ಸೇಂಟ್ ಆಂಡ್ರ್ಯೂಸ್‌ನಲ್ಲಿರುವ ಆರ್ ಅಂಡ್ ಎ ಸಂಸ್ಥೆ ಹವ್ಯಾಸಿಗಳ ಇಂಥ ಬಾಜಿಯನ್ನು ತಪ್ಪೆನ್ನಲಿಲ್ಲ. ಆದರೆ ಆಡುವವರು ಪರಿಚಿತರಾಗಿರಬೇಕು, ಸೇರುವುದು ಅವರವರ ಇಷ್ಟಕ್ಕೆ ಬಿಟ್ಟದ್ದಾಗಿರಬೇಕು, ಗೆದ್ದ ಹಣವೆಲ್ಲ ಆಡಿದವರ ಕಿಸೆಯಿಂದಲೇ ಬಂದಿರಬೇಕು ಎಂದಿತು. ಪಂಚಮಿಯ ಹುಡುಗರು ಯಾರೂ ಬರೆದುಕೊಡದೆಯೇ ಪಾಲಿಸುತ್ತಾ ಬಂದ ನಿಯಮಗಳಿವು.

ಇಂದು ಅಡ್ಡೆ ಮೊಬೈಲಿನೊಳಗೆ ಬಂದಿದೆ. ಅಲ್ಲಿ ಎದುರಾಳಿಯ ಮುಖ ಕಾಣುವುದಿಲ್ಲ, ಸಾಕು ಎನ್ನುವ ಗೆಳೆಯನಿಲ್ಲ, ಯಾರು ಸೋತರೂ ಆಡಿಸುವವನಿಗೆ ಲಾಭ. ಸಾಲ ಮಾಡಿ ಆಡಿ ಮನೆ ಮುಳುಗಿಸಿಕೊಂಡವರ ಸುದ್ದಿ ನಮ್ಮ ಪತ್ರಿಕೆಗಳಿಗೆ ಹೊಸದಲ್ಲ. 2025ರ ಆಗಸ್ಟ್‌ನಲ್ಲಿ ಸಂಸತ್ತು ಹಣ ಕಟ್ಟುವ ಆನ್‌ಲೈನ್ ಆಟಗಳನ್ನು ನಿಷೇಧಿಸಿತು. ಕಾನೂನು ಎಷ್ಟರಮಟ್ಟಿಗೆ ತಡೆದೀತೋ ಕಾಲವೇ ಹೇಳಬೇಕು. ಆದರೆ ಪಣ ಕಟ್ಟುವ ಮುನ್ನ ಕೇಳಿಕೊಳ್ಳಬೇಕಾದ ಪ್ರಶ್ನೆಯನ್ನು ಪಂಪ ಸಾವಿರ ವರ್ಷದ ಹಿಂದೆಯೇ ಕೊಟ್ಟಿದ್ದಾನೆ: ನಾಳೆ ಹಾರ ಹರಿದರೆ, ಮುತ್ತು ಆಯ್ದುಕೊಡಲು ಬಗ್ಗುವವರು ಇಲ್ಲಿ ಯಾರಾದರೂ ಇದ್ದಾರೆಯೇ?